ಹೆಪ್ಪು ಉಳಿಸಿದ ಹಳ್ಳಿಗಳು: ನಾರ್ವೆಯ ಹಬ್ಬದ ಬಿಯರ್

ಹಾಲಿಗೆ ಹಾಕಲು ಹೆಪ್ಪು ಇಲ್ಲದಿದ್ದರೆ ನಮ್ಮ ಹೆಂಗಸರು ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಕೇಳಿ ತರುತ್ತಾರೆ. ಕೊಡುವವರಿಗೆ ನಷ್ಟವಿಲ್ಲ, ತೆಗೆದುಕೊಂಡವರ ಮನೆಯಲ್ಲಿ ಮರುದಿನವೇ ಒಂದು ಪಾತ್ರೆ ಮೊಸರು. ನಾಳೆ ಇವರ ಮನೆಯಲ್ಲಿ ಮೊಸರು ಕೆಟ್ಟರೆ ಆ ಹೆಪ್ಪು ಮತ್ತೆ ಅವರ ಮನೆಯಿಂದಲೇ ಬರುತ್ತದೆ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಎಷ್ಟೋ ತಲೆಮಾರು ಬದುಕಿರುವ ಈ ಹೆಪ್ಪಿಗೆ ವಯಸ್ಸು ಎಷ್ಟು ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಇಂಥದ್ದೇ ಒಂದು ಹೆಪ್ಪಿನ ಕಥೆ ಯೂರೋಪಿನ ಉತ್ತರ ತುದಿಯ ನಾರ್ವೆ ದೇಶದಲ್ಲಿಯೂ ಉಂಟು. ಆದರೆ ಅದು ಹಾಲಿಗಲ್ಲ, ಬಿಯರಿಗೆ! ಪಶ್ಚಿಮ ನಾರ್ವೆಯ ಕಣಿವೆಗಳಲ್ಲಿ ರೈತರು ಹಬ್ಬಕ್ಕೆಂದು ಮನೆಯಲ್ಲೇ ತಯಾರಿಸುವ ಬಿಯರಿನ ಯೀಸ್ಟಿಗೆ ಅವರ ಆಡುಮಾತಿನಲ್ಲಿ 'ಕ್ವೈಕ್' ಎಂದು ಹೆಸರು. ಕಾರ್ಖಾನೆಯ ಯೀಸ್ಟಿನ ಎದುರು ಸೋತು ಹೋಗಲಿದ್ದ ಈ ಸೂಕ್ಷ್ಮಜೀವಿ ಕೆಲವೇ ಮನೆಗಳಲ್ಲಿ ಉಳಿದುಕೊಂಡಿತು. ಇಂದು ಅದು ಪ್ರಪಂಚದ ವಿಜ್ಞಾನಿಗಳ ಗಮನ ಸೆಳೆದಿದೆ.

'ಬಿಯರ್' ಎಂದೊಡನೆ ತಂದೆತಾಯಿಯರು ಹುಬ್ಬೇರಿಸುವುದು ಸಹಜ. ಇದು ಕುಡಿತವನ್ನು ಹೊಗಳುವ ಲೇಖನವಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ, ಇತಿಹಾಸ, ಕಾನೂನು ಎಲ್ಲವೂ ಒಂದೇ ಮರದ ತೊಟ್ಟಿಯಲ್ಲಿ ಕೂಡುವ ಪ್ರಸಂಗ ಇದು. ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ ಇದರಲ್ಲಿ ಬೇಕಾದಷ್ಟಿದೆ.

ಬಿಯರ್ ಮಾಡದಿದ್ದರೆ ದಂಡ!

ಮದ್ಯ ತಯಾರಿಸಿದರೆ ದಂಡ ಹಾಕುವ ಕಾನೂನು ನಮಗೆಲ್ಲ ಗೊತ್ತು. ತಯಾರಿಸದಿದ್ದರೆ ದಂಡ ಹಾಕುವ ಕಾನೂನು ಕೇಳಿದ್ದೀರಾ? ಪಶ್ಚಿಮ ನಾರ್ವೆಯ ಹಳೆಯ ಜನಸಭೆಯ 'ಗುಲಾತಿಂಗ್' ಕಾನೂನು ಅಂಥದ್ದು. ಮಧ್ಯಯುಗದಲ್ಲಿ ಬರಹಕ್ಕಿಳಿದ ಈ ಕಾನೂನಿನ ಪ್ರಕಾರ ರೈತರು ಕನಿಷ್ಠ ಮೂವರು ಸೇರಿ ಹಬ್ಬದ ಬಿಯರ್ ತಯಾರಿಸಬೇಕು. ನವೆಂಬರ್ 1ರ ಸರ್ವ ಸಂತರ ದಿನದೊಳಗೆ ಒಮ್ಮೆ, ಕ್ರಿಸ್‌ಮಸ್‌ಗೆ ಇನ್ನೊಮ್ಮೆ. ಅದನ್ನು ಕ್ರಿಸ್ತನಿಗೂ ಮೇರಿ ಮಾತೆಗೂ ಅರ್ಪಿಸಿ, ಒಳ್ಳೆಯ ಬೆಳೆ ಬರಲಿ, ಶಾಂತಿ ನೆಲೆಸಲಿ ಎಂದು ಹರಸಿ ಕುಡಿಯಬೇಕು. ತಪ್ಪಿದವರು ದಂಡ ತೆರಬೇಕು. ಸತತ ಮೂರು ವರ್ಷ ತಪ್ಪಿದರಂತೂ ಆಸ್ತಿಯೇ ಮುಟ್ಟುಗೋಲು. ಅರ್ಧ ರಾಜನಿಗೆ, ಅರ್ಧ ಬಿಷಪ್ಪನಿಗೆ!

ಇದೇಕೆ ಇಷ್ಟು ಕಟ್ಟುನಿಟ್ಟು? ಕ್ರೈಸ್ತಧರ್ಮ ಬರುವ ಮೊದಲೇ ಅಲ್ಲಿ ಚಳಿಗಾಲದ 'ಯೂಲ್' ಹಬ್ಬಕ್ಕೆ ಬಿಯರ್ ಮಾಡಿ ದೇವತೆಗಳಿಗೆ ಅರ್ಪಿಸುವ ವಾಡಿಕೆ ಇತ್ತು. ಹೊಸ ಧರ್ಮ ಆ ವಾಡಿಕೆಯನ್ನು ಕಿತ್ತು ಹಾಕದೆ ತನ್ನದಾಗಿ ಮಾಡಿಕೊಂಡಿತು. ಎಲ್ಲಕ್ಕೂ ಮಿಗಿಲಾಗಿ, ಆರು ತಿಂಗಳ ಚಳಿ, ಕತ್ತಲೆ, ದೂರದೂರದ ಒಂಟಿ ಮನೆಗಳು ಇರುವ ನಾಡಿನಲ್ಲಿ ಜನ ಒಂದೆಡೆ ಸೇರಲು ಒಂದು ನೆಪ ಬೇಕಿತ್ತು. ಮೂವರು ರೈತರು ಸೇರಿ ತಯಾರಿಸಬೇಕೆಂಬ ಷರತ್ತಿನ ಗುಟ್ಟು ಬಹುಶಃ ಇದೇ ಇರಬೇಕು.

ಆ ದಿನಗಳ ಗುರುತು ಭಾಷೆಯಲ್ಲಿ ಇಂದಿಗೂ ಉಳಿದಿದೆ. ನಾರ್ವೆ ಭಾಷೆಯಲ್ಲಿ ಬಿಯರಿಗೆ 'ಓಲ್' ಎನ್ನುತ್ತಾರೆ. ಸಾವಿನ ನಂತರ ನಂಟರಿಷ್ಟರು ಸೇರುವ ಊಟಕ್ಕೆ 'ಗ್ರಾವ್‌ಓಲ್', ಅಂದರೆ ಸಮಾಧಿಯ ಬಿಯರ್ ಎಂದೇ ಹೆಸರು. ಬಾಣಂತನಕ್ಕೆ ಅಲ್ಲಿ 'ಬಾರ್ಸೆಲ್' ಎನ್ನುತ್ತಾರೆ. ಅದರ ಮೂಲ ರೂಪ 'ಮಗುವಿನ ಬಿಯರ್'. ಇಂದು ನಾರ್ವೆಯ ತಾಯಿ ಹೆರಿಗೆ ರಜೆಗೆ ಅರ್ಜಿ ಹಾಕುವಾಗಲೂ ಅರಿವಿಲ್ಲದೆ ಬಿಯರಿನ ಹೆಸರು ಬರೆಯುತ್ತಾಳೆ! ಮದುವೆಗೆ ಸಂಬಂಧಿಸಿದ ಇಂಗ್ಲಿಷಿನ 'ಬ್ರೈಡಲ್' ಎಂಬ ಪದ ಹುಟ್ಟಿದ್ದೂ 'ಬ್ರೈಡ್' ಮತ್ತು 'ಏಲ್' ಸೇರಿ. ಅಂದರೆ ಮದುಮಗಳ ಬಿಯರಿನ ಔತಣ. ಹುಟ್ಟು, ಮದುವೆ, ಸಾವು ಮೂರಕ್ಕೂ ಬಿಯರ್ ಸಾಕ್ಷಿ ಎಂದಾಯಿತು.

'ಕ್ವೈಕ್' ಎಂಬ ಪದವೂ ಕುತೂಹಲದ್ದೇ. ಹಳೆಯ ನಾರ್ಸ್ ಭಾಷೆಯ 'ಕ್ವಿಕರ್' ಎಂದರೆ ಜೀವವುಳ್ಳದ್ದು. ಇಂಗ್ಲಿಷಿನ 'ಕ್ವಿಕ್' ಅದರ ಸೋದರ ಪದ. ಅದಕ್ಕೂ ಮೊದಲು 'ಬದುಕಿರುವ' ಎಂಬುದೇ ಅರ್ಥ, 'ಬೇಗ' ಎಂಬ ಅರ್ಥ ಆಮೇಲೆ ಬಂದದ್ದು. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ವೀವಸ್', ಸಂಸ್ಕೃತದ 'ಜೀವ' ಎಲ್ಲವೂ ಒಂದೇ ಬೇರಿನ ಕವಲುಗಳು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಮೊದಲೇ ಆ ರೈತರು ತೊಟ್ಟಿಯ ತಳದ ಕೆಸರಿಗೆ 'ಜೀವ' ಎಂದು ಹೆಸರಿಟ್ಟಿದ್ದರು ಎಂದರೆ ಆಶ್ಚರ್ಯವಲ್ಲವೇ?

ರಾಗಿ ಸರಿಗೂ ಬಿಯರಿಗೂ ನಂಟು

ಈಗ ತಯಾರಿಕೆಯ ವಿಚಾರ. ಮೊದಲ ಹಂತ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತಿರುವುದೇ. ಕೂಸಿಗೆ ರಾಗಿ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ಪುಡಿ ಮಾಡುತ್ತಾರೆ. ಹೀಗೆ ಮಾಡಿದ ಹಿಟ್ಟಿನ ಗಂಜಿ ಸಾಮಾನ್ಯ ಹಿಟ್ಟಿನಷ್ಟು ಗಟ್ಟಿಯಾಗುವುದಿಲ್ಲ, ತೆಳುವಾಗಿ, ತುಸು ಸಿಹಿಯಾಗಿರುತ್ತದೆ. ಕಾರಣ ಇಷ್ಟೇ: ಕಾಳು ಮೊಳೆಯುವಾಗ ಅದರೊಳಗೆ 'ಅಮೈಲೇಸ್' ಎಂಬ ಕಿಣ್ವ ಹುಟ್ಟುತ್ತದೆ. ಅದು ಕಾಳಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಎಳೆ ಮೊಳಕೆಗೆ ಆಹಾರ ಬೇಕಲ್ಲ!

ಬಾರ್ಲಿಯನ್ನು ಹೀಗೆಯೇ ಮೊಳಕೆ ಬರಿಸಿ ಒಣಗಿಸಿದರೆ ಅದೇ ಮಾಲ್ಟ್. ನಾರ್ವೆಯ ಟ್ರಾಂಡ್‌ಹೈಮ್ ನಗರಕ್ಕೆ ಹತ್ತಿರದ ಸ್ಟ್ಯೋರ್ಡಾಲ್ ಎಂಬಲ್ಲಿ ಇಂದಿಗೂ ರೈತರು ತಾವೇ ಮಾಲ್ಟ್ ಮಾಡುತ್ತಾರೆ. ಅದಕ್ಕೆಂದೇ ಸಣ್ಣ ಮನೆಗಳಿವೆ. ಆಲ್ಡರ್ ಮರದ ಸೌದೆ ಉರಿಸಿ, ಹೊಗೆಯಲ್ಲಿ ಮಾಲ್ಟ್ ಒಣಗಿಸುತ್ತಾರೆ. ಹಾಗಾಗಿ ಅಲ್ಲಿನ ಬಿಯರಿಗೆ ಹೊಗೆಯ ವಾಸನೆ.

ಮುಂದಿನ ಹಂತ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವುದು. ಬರಿಯ ನೀರಲ್ಲ. ಬೆಟ್ಟದಿಂದ ಕಡಿದು ತಂದ ಜೂನಿಪರ್ ಗಿಡದ ಕೊಂಬೆಗಳನ್ನು ದೊಡ್ಡ ತಾಮ್ರದ ಹಂಡೆಯ ನೀರಿನಲ್ಲಿ ಹಾಕಿ ಕಾಯಿಸುತ್ತಾರೆ. ಆ ಕಷಾಯದಿಂದಲೇ ಮರದ ಪಾತ್ರೆಗಳನ್ನು ತಿಕ್ಕಿ ತೊಳೆಯುತ್ತಾರೆ. ಬ್ಯಾಕ್ಟೀರಿಯಾ ತಡೆಯುವ ಗುಣ ಜೂನಿಪರಿಗಿದೆ. ತೊಟ್ಟಿಯ ತಳದಲ್ಲೂ ಅದೇ ಕೊಂಬೆಗಳ ಹಾಸು. ಮಾಲ್ಟಿನ ಸಿಹಿ ರಸ ಈ ಹಾಸಿನ ಮೂಲಕ ಸೋಸಿಕೊಂಡು ಕೆಳಗಿನ ತೂಬಿನಿಂದ ಹರಿದು ಬರುತ್ತದೆ. ಔಷಧಿ, ಮಾರ್ಜಕ, ಜರಡಿ, ಪರಿಮಳ, ಈ ನಾಲ್ಕು ಕೆಲಸಕ್ಕೂ ಒಂದೇ ಗಿಡ!

ಇಲ್ಲಿಂದ ಮುಂದೆ ಊರಿಗೊಂದು ಪದ್ಧತಿ. ವೊಸ್ ಎಂಬ ಕಣಿವೆಯಲ್ಲಿ ರಸವನ್ನು ಗಂಟೆಗಟ್ಟಲೆ ಕುದಿಸುತ್ತಾರೆ, ಬಣ್ಣ ಕೆಂಪಗಾಗುತ್ತದೆ. ಉತ್ತರಕ್ಕಿರುವ ಹಾರ್ನಿಂಡಾಲ್‌ನಲ್ಲಿ ಕುದಿಸುವುದೇ ಇಲ್ಲ, ಹಸಿ ರಸಕ್ಕೇ ಯೀಸ್ಟ್ ಹಾಕುತ್ತಾರೆ. ಆ ಬಿಯರಿಗೆ 'ಕೊರ್ನ್‌ಓಲ್', ಅಂದರೆ ಧಾನ್ಯದ ಬಿಯರ್ ಎಂದು ಹೆಸರು. ಹೆಚ್ಚು ದಿನ ಕೆಡದೆ ಇರುವುದಿಲ್ಲ. ಆದರೆ ಹಬ್ಬಕ್ಕೆ ಮಾಡಿದ ಬಿಯರ್ ಹಬ್ಬದಲ್ಲೇ ಮುಗಿಯುವಾಗ ಕೆಡುವ ಚಿಂತೆ ಯಾರಿಗೆ?

ಕಿರುಚಾಟದೊಂದಿಗೆ ಹೆಪ್ಪು

ರಸ ಹಾಲು ಕರೆದಷ್ಟು ಬೆಚ್ಚಗಾದಾಗ ಕ್ವೈಕ್ ಹಾಕಬೇಕು ಎಂಬುದು ಹಳಬರ ಲೆಕ್ಕ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಹಸುವಿನ ಕೆಚ್ಚಲೇ ಅಳತೆ. ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕುವವರು ಬೆರಳು ಅದ್ದಿ ನೋಡುವುದಿಲ್ಲವೇ, ಹಾಗೆಯೇ ಇದು. ಹೆಪ್ಪು ಹಾಕುವ ಗಳಿಗೆಯಲ್ಲಿ ಕೆಲವೆಡೆ ಜೋರಾಗಿ ಕೂಗು ಹಾಕುವ ಪದ್ಧತಿ ಇತ್ತು. ದುಷ್ಟಶಕ್ತಿಗಳು ಹೆದರಿ ಓಡಲಿ ಎಂದು. ಬಿಯರ್ ಹುಳಿಯಾಗಲು ಬ್ಯಾಕ್ಟೀರಿಯಾ ಕಾರಣ ಎಂದು ತಿಳಿಯದ ಕಾಲದಲ್ಲಿ ದೋಷವನ್ನು ಯಾರದಾದರೂ ಮೇಲೆ ಹೊರಿಸಬೇಕಲ್ಲ! ಈಗ ಅದನ್ನು ನಂಬುವವರಿಲ್ಲ, ಆದರೂ ಕೂಗು ನಿಂತಿಲ್ಲ. ಹಬ್ಬದ ಗಮ್ಮತ್ತೇ ಅದು.

ಒಂದೆರಡು ದಿನದಲ್ಲಿ ಹುದುಗುವಿಕೆ ಮುಗಿಯುತ್ತದೆ. ಆಗ ನೆರೆಹೊರೆಯವರಿಗೆ ಕರೆ ಹೋಗುತ್ತದೆ. ಪೀಪಾಯಿಗೆ ತುಂಬುವ ಮೊದಲು ರುಚಿ ನೋಡುವ ಈ ಕೂಟಕ್ಕೆ 'ಓಪ್‌ಸ್ಕೋಕೆ' ಎಂದು ಹೆಸರು. ಈ ಸಲ ಹೇಗೆ ಬಂದಿದೆ, ಮಾಲ್ಟ್ ಹೆಚ್ಚಾಯಿತೇ, ಜೂನಿಪರ್ ಕಡಿಮೆಯಾಯಿತೇ ಎಂದು ಹಿರಿಯರು ತೀರ್ಪು ಕೊಡುತ್ತಾರೆ.

ಇಷ್ಟಾದ ಮೇಲೆ ಅತಿ ಮುಖ್ಯ ಕೆಲಸ: ಮುಂದಿನ ಸಲಕ್ಕೆ ಯೀಸ್ಟ್ ಎತ್ತಿಡುವುದು. ಹಾರ್ನಿಂಡಾಲ್‌ನಲ್ಲಿ ಮೇಲಿನ ನೊರೆಯಿಂದ, ವೊಸ್‌ನಲ್ಲಿ ತಳದ ಗಷ್ಟಿನಿಂದ ತೆಗೆಯುತ್ತಾರೆ. ಆದರೆ ಬಿಯರ್ ಮಾಡುವುದು ವರ್ಷಕ್ಕೆ ಕೆಲವೇ ಸಲ. ಅಲ್ಲಿಯವರೆಗೆ ಅದನ್ನು ಬದುಕಿಸುವುದು ಹೇಗೆ? ಒಣಗಿಸಿ! ತೂತು ಕೊರೆದ ಮರದ ಕೊರಡನ್ನೋ, ಸಣ್ಣ ಮರದ ತುಂಡುಗಳನ್ನು ಕೊಂಡಿಯಂತೆ ಪೋಣಿಸಿದ ಬಳೆಯನ್ನೋ, ಹುಲ್ಲಿನ ಸಿಂಬಿಯನ್ನೋ ಯೀಸ್ಟಿನಲ್ಲಿ ಅದ್ದಿ ಮೇಲೆ ನೇತುಹಾಕುತ್ತಿದ್ದರು. ಸಂದುಗೊಂದುಗಳಲ್ಲಿ ಅಂಟಿಕೊಂಡ ಯೀಸ್ಟ್ ಒಣಗಿ ನಿದ್ರೆ ಹೋಗುತ್ತದೆ. ಮುಂದಿನ ಹಬ್ಬಕ್ಕೆ ಅದನ್ನೇ ಬೆಚ್ಚನೆ ರಸದಲ್ಲಿ ಇಳಿಬಿಟ್ಟರೆ ಮತ್ತೆ ಎಚ್ಚರ. ಯಾರ ಮನೆಯದಾದರೂ ಕೆಟ್ಟರೆ ಪಕ್ಕದ ಮನೆಯಿಂದ ತಂದರಾಯಿತು. ಹೀಗೆ ಇಡೀ ಊರೇ ಒಂದು ಹೆಪ್ಪಿನ ಕಾವಲು ಕಾಯುತ್ತಿತ್ತು.

ಕಾರ್ಖಾನೆ ಬಂತು, ಹೆಪ್ಪು ಹೋಯಿತು

ಹಾಗಿದ್ದರೆ ಕ್ವೈಕ್ ಅಳಿವಿನಂಚಿಗೆ ಬಂದದ್ದು ಏಕೆ? ಕಾರಣ ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕು.

ಹುದುಗುವಿಕೆ ಜೀವಂತ ಕಣಗಳ ಕೆಲಸ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖ ಫ್ರಾನ್ಸಿನ ಲೂಯಿ ಪಾಶ್ಚರ್. ಬಿಯರ್ ಕೆಡುವುದೇಕೆ ಎಂಬುದರ ಬಗ್ಗೆ ಆತ 1876ರಲ್ಲಿ ಒಂದು ಇಡೀ ಪುಸ್ತಕವನ್ನೇ ಪ್ರಕಟಿಸಿದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರಿಂದ ಶುದ್ಧ ತಳಿ ಬೆಳೆಸಿದ. ಅಂದಿನಿಂದ ದೊಡ್ಡ ಕಾರ್ಖಾನೆಗಳಲ್ಲಿ ಪ್ರತಿ ಬಾಟಲಿಯ ರುಚಿಯೂ ಒಂದೇ. ಬಿಯರ್ ಹಾಳಾಗುವುದು ತಪ್ಪಿತು, ಹಣ ಉಳಿಯಿತು. ಜೊತೆಗೇ ನೂರಾರು ಊರಿನ ಹಳೆಯ ಯೀಸ್ಟುಗಳು ಯಾರಿಗೂ ಬೇಡವಾದವು.

ಹಳ್ಳಿಯಲ್ಲಿಯೂ ಕಾಲ ಬದಲಾಯಿತು. ಅಂಗಡಿಯಲ್ಲಿ ಬ್ರೆಡ್ಡಿನ ಯೀಸ್ಟ್ ಅಗ್ಗವಾಗಿ ಸಿಗತೊಡಗಿತು. ಅತಿಥಿಗಳಿಗೆ ಬಿಯರ್ ಬದಲು ಕಾಫಿ ಬಂತು. ಮದ್ಯವಿರೋಧಿ ಚಳವಳಿ ಬಲವಾಯಿತು. 1916ರಿಂದ 1927ರವರೆಗೆ ನಾರ್ವೆಯಲ್ಲಿ ಕಟು ಮದ್ಯದ ಮೇಲೆ ನಿಷೇಧವೇ ಇತ್ತು. ಮಕ್ಕಳು ಓದು, ಕೆಲಸ ಎಂದು ಪಟ್ಟಣ ಸೇರಿದರು. ಅಟ್ಟದ ಮೇಲಿನ ಯೀಸ್ಟ್ ಬಳೆ ಮೊದಲು ಮರೆತುಹೋಯಿತು, ಆಮೇಲೆ ಒಲೆಗೆ ಹೋಯಿತು.

ಇಲ್ಲೊಂದು ವಿಚಿತ್ರ ನೋಡಿ. ಮಾಲ್ಟ್ ಮಾಡುವ ಕಲೆಯನ್ನು ಉಳಿಸಿಕೊಂಡ ಸ್ಟ್ಯೋರ್ಡಾಲ್ ತನ್ನ ಹಳೆಯ ಯೀಸ್ಟನ್ನು ಕಳೆದುಕೊಂಡಿತು. ಇಂದು ಅಲ್ಲಿ ಬಳಸುವುದು ಅಂಗಡಿಯ ಬ್ರೆಡ್ ಯೀಸ್ಟ್. ಯೀಸ್ಟನ್ನು ಉಳಿಸಿಕೊಂಡ ಪಶ್ಚಿಮದ ಹಳ್ಳಿಗಳು ಮಾಲ್ಟ್ ಮಾಡುವುದನ್ನು ಬಿಟ್ಟು ಪೇಟೆಯಿಂದ ಕೊಳ್ಳುತ್ತವೆ. ಪಕ್ಕದ ಫಿನ್ಲೆಂಡಿನ ಪ್ರಸಿದ್ಧ ಹಳ್ಳಿಯ ಬಿಯರ್ 'ಸಾಹ್ತಿ'ಗೂ ಈಗ ಬ್ರೆಡ್ ಯೀಸ್ಟೇ ಗತಿ. ಕಲೆಯನ್ನು ಪುಸ್ತಕ ಓದಿ ಮತ್ತೆ ಕಲಿಯಬಹುದು. ಸತ್ತುಹೋದ ಯೀಸ್ಟನ್ನು ಯಾವ ಪುಸ್ತಕವೂ ಮರಳಿ ತರಲಾರದು.

1950ರ ದಶಕದಲ್ಲಿ ನಾರ್ವೆಯ ಜನಪದ ಸಂಶೋಧಕರು ಊರೂರಿಗೆ ಪ್ರಶ್ನಾವಳಿ ಕಳಿಸಿ ಹಳಬರಿಂದ ಬಿಯರ್ ತಯಾರಿಕೆಯ ವಿವರ ಬರೆಯಿಸಿಕೊಂಡರು. ಓಡ್ ನಾರ್ಡ್‌ಲಂಡ್ ಎಂಬ ವಿದ್ವಾಂಸ ಇದನ್ನು ಆಧರಿಸಿ 1969ರಲ್ಲಿ ದೊಡ್ಡ ಗ್ರಂಥ ಹೊರತಂದರು. ಮುಂದೆ 2010ರ ದಶಕದಲ್ಲಿ ಲಾರ್ಸ್ ಮಾರಿಯಸ್ ಗಾರ್‌ಶೋಲ್ ಎಂಬ ನಾರ್ವೆಯ ಸಾಫ್ಟ್‌ವೇರ್ ಎಂಜಿನಿಯರ್ ಹವ್ಯಾಸಕ್ಕಾಗಿ ಹಳ್ಳಿಹಳ್ಳಿ ಸುತ್ತಿ, ಇನ್ನೂ ಯೀಸ್ಟ್ ಉಳಿಸಿಕೊಂಡ ರೈತರನ್ನು ಹುಡುಕಿದರು. ವೊಸ್ ಭಾಗದ ಯೀಸ್ಟ್ ಇಂಗ್ಲೆಂಡಿನ ನಾರಿಚ್‌ನಲ್ಲಿರುವ ರಾಷ್ಟ್ರೀಯ ಯೀಸ್ಟ್ ಸಂಗ್ರಹಕ್ಕೆ ಹೋಯಿತು. ಗಾರ್‌ಶೋಲ್ ವಿಜ್ಞಾನಿಯಲ್ಲ, ಬಿಯರ್ ವ್ಯಾಪಾರಿಯೂ ಅಲ್ಲ. ಹಿರಿಯರ ಮುಂದೆ ಕೂತು ಅವರು ಹೇಳಿದ್ದನ್ನು ತಾಳ್ಮೆಯಿಂದ ಬರೆದುಕೊಂಡದ್ದೇ ಅವರ ಸಾಧನೆ.

ವಿಜ್ಞಾನಿಗಳು ಕಂಡದ್ದೇನು?

2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಫಿನ್ಲೆಂಡಿನ ವಿಜ್ಞಾನಿ ಮತ್ತು ಗಾರ್‌ಶೋಲ್ ಜೊತೆಗೂಡಿ ಕ್ವೈಕ್ ಕುರಿತ ಪ್ರಬಂಧ ಪ್ರಕಟಿಸಿದರು. ಇದೂ ಬ್ರೆಡ್, ಬಿಯರ್‌ಗಳಲ್ಲಿ ಬಳಸುವ 'ಸ್ಯಾಕರೋಮೈಸಿಸ್ ಸೆರೆವಿಸಿಯೇ' ಪ್ರಭೇದವೇ. ಆದರೆ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಕ್ವೈಕ್ ತಳಿಗಳದ್ದೇ ಪ್ರತ್ಯೇಕ ಗುಂಪು ಎಂದು ತಿಳಿದುಬಂತು. ಕಾರ್ಖಾನೆಯ ಯೀಸ್ಟಿನಂತೆ ಒಂದೇ ತಳಿಯೂ ಅಲ್ಲ, ಒಂದೊಂದು ಮನೆಯ ಹೆಪ್ಪಿನಲ್ಲಿ ಹಲವು ತಳಿಗಳು ಕೂಡಿ ಬಾಳುತ್ತವೆ.

ಎಲ್ಲಕ್ಕಿಂತ ಅಚ್ಚರಿ ಇದರ ಶಾಖ ತಾಳುವ ಶಕ್ತಿ. ಸಾಮಾನ್ಯ ಏಲ್ ಯೀಸ್ಟಿಗೆ ಹಿತವಾದ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಬಹಳ ಹೆಚ್ಚಾದರೆ ಕೆಟ್ಟ ವಾಸನೆ ಬರುತ್ತದೆ. ಕ್ವೈಕ್ ಮಾತ್ರ 30ರಿಂದ 40 ಡಿಗ್ರಿಯಲ್ಲೂ ಶುದ್ಧವಾಗಿ, ಅದೂ ಅತಿ ಬೇಗ ಕೆಲಸ ಮುಗಿಸುತ್ತದೆ. ಹಿಮ ಬೀಳುವ ನಾಡಿನ ಯೀಸ್ಟಿಗೆ ಬಳ್ಳಾರಿಯ ಬಿಸಿಲು ತಡೆಯುವ ಶಕ್ತಿ ಎಲ್ಲಿಂದ ಬಂತು?

ಉತ್ತರ ಹಿಂದಿನ ಪುಟಗಳಲ್ಲೇ ಇದೆ. ರೈತರ ಬಳಿ ರಸವನ್ನು ತಣಿಸುವ ಯಂತ್ರವಿರಲಿಲ್ಲ, ಹಾಗಾಗಿ ಬೆಚ್ಚಗಿರುವಾಗಲೇ ಯೀಸ್ಟ್ ಹಾಕುತ್ತಿದ್ದರು. ಶಾಖ ತಾಳದ ಕಣಗಳು ಹಿಂದೆ ಬಿದ್ದವು, ತಾಳಿದವು ಹೆಚ್ಚಿದವು. ಹಬ್ಬ ಹತ್ತಿರ ಬಂದಿದೆಯೆಂದು ಎರಡೇ ದಿನದಲ್ಲಿ ಯೀಸ್ಟ್ ಎತ್ತಿಡುತ್ತಿದ್ದರು. ನಿಧಾನದವು ಉಳಿಯಲಿಲ್ಲ. ವರ್ಷಗಟ್ಟಲೆ ಒಣಗಿಸಿ ಇಡುತ್ತಿದ್ದರು. ಒಣಗಿದರೂ ಸಾಯದವೇ ಮುಂದಿನ ತಲೆಮಾರಿಗೆ ದಾಟಿದವು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕ್ವೈಕ್ ಕಣಗಳು 'ಟ್ರೆಹಲೋಸ್' ಎಂಬ ಸಕ್ಕರೆಯನ್ನು ಹೆಚ್ಚಾಗಿ ಕೂಡಿಡುತ್ತವೆ ಎಂದು ಕಂಡುಬಂತು. ಶಾಖದಲ್ಲೂ ಬರದಲ್ಲೂ ಕಣವನ್ನು ಕಾಪಾಡುವ ಸಕ್ಕರೆ ಇದು. ಹೆಚ್ಚು ಹಾಲು ಕೊಡುವ ಹಸುವನ್ನು, ಬರ ತಾಳುವ ರಾಗಿ ತಳಿಯನ್ನು ನಮ್ಮ ರೈತರು ಆರಿಸಿ ಬೆಳೆಸಿದಂತೆ ಅವರು ಕಣ್ಣಿಗೆ ಕಾಣದ ಜೀವಿಯನ್ನು ಪಳಗಿಸಿದರು. ಡಾರ್ವಿನ್ನನ ಆಯ್ಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಹೆಪ್ಪು ಯಾರ ಸ್ವತ್ತು?

ಕ್ವೈಕ್ ಈಗ ಅಳಿವಿನ ಭಯದಿಂದ ಪಾರಾಗಿದೆ. ಹಲವು ದೇಶಗಳಲ್ಲಿ ಯೀಸ್ಟ್ ಕಂಪನಿಗಳು ಪೊಟ್ಟಣ ಕಟ್ಟಿ ಮಾರುತ್ತಿವೆ. ತಣಿಸುವ ವಿದ್ಯುತ್ ಖರ್ಚು ಉಳಿಯುವುದರಿಂದ ಬಿಸಿಲು ನಾಡುಗಳಿಗೆ ಅನುಕೂಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಹಳ್ಳಿಯ ಕುಟುಂಬಗಳು, ಲಾಭ ಮಾಡಿಕೊಳ್ಳುವವರು ಪೊಟ್ಟಣ ಕಟ್ಟಿದವರು. ಇದು ಸರಿಯೇ?

ಅರಿಸಿನದಿಂದ ಗಾಯ ಮಾಯುತ್ತದೆಂಬ ಅಜ್ಜಿಯ ಮದ್ದಿಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೂ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ತಕರಾರು ಎತ್ತಿ 1997ರಲ್ಲಿ ಅದನ್ನು ರದ್ದುಮಾಡಿಸಿದ್ದೂ ನಮಗೆ ಗೊತ್ತಿದೆ. ಇಂಥ ಜೈವಿಕ ಸಂಪತ್ತಿನ ಲಾಭ ಮೂಲದವರಿಗೂ ಸಲ್ಲಬೇಕೆಂಬ 'ನಗೋಯ ಒಪ್ಪಂದ' 2010ರಲ್ಲಿ ರೂಪುಗೊಂಡು 2014ರಲ್ಲಿ ಜಾರಿಗೆ ಬಂದಿದೆ. ಭಾರತದಲ್ಲಿ 2002ರಿಂದಲೇ ಜೀವವೈವಿಧ್ಯ ಕಾಯ್ದೆ ಇದೆ. ಆದರೆ ಹೆಪ್ಪನ್ನು ಕೇಳಿದವರಿಗೆಲ್ಲ ಕೊಡುವುದೇ ಧರ್ಮ ಎಂದು ನಂಬಿದ ರೈತನಿಗೆ ಒಪ್ಪಂದದ ಭಾಷೆ ಅರ್ಥವಾಗುವುದು ಕಷ್ಟ. ಕೊಡುತ್ತಾ ಬಂದದ್ದರಿಂದಲೇ ಅಲ್ಲವೇ ಅದು ಉಳಿದದ್ದು? ಬಚ್ಚಿಟ್ಟಿದ್ದರೆ ಒಂದು ಮನೆಯ ಬೆಂಕಿಗೋ ಮರೆವಿಗೋ ಅದು ಎಂದೋ ಬಲಿಯಾಗುತ್ತಿತ್ತು.

ಹಂಚುವ ಈ ಗುಣವನ್ನು ಹಾರ್ನಿಂಡಾಲ್‌ನ ಗ್ರೋಡೋಸ್ ಎಂಬ ಊರಿನಲ್ಲಿ ಕಾಣಬಹುದು. 514 ಮೀಟರ್ ಆಳದ, ಯೂರೋಪಿನಲ್ಲೇ ಅತಿ ಆಳವೆಂದು ಹೆಸರಾದ ಸರೋವರದ ದಂಡೆಯ ಊರು ಅದು. ಅಲ್ಲಿ 2016ರಲ್ಲಿ ಕೊರ್ನ್‌ಓಲ್ ಉತ್ಸವ ಆರಂಭವಾಯಿತು. ಮನೆಯಲ್ಲಿ ಬಿಯರ್ ಮಾಡುವವರು ತಮ್ಮದನ್ನು ತಂದು ರುಚಿ ತೋರಿಸುತ್ತಾರೆ, ಹಳೆಯ ವಿಧಾನಗಳ ಪ್ರಾತ್ಯಕ್ಷಿಕೆ, ಉಪನ್ಯಾಸ, ಸ್ಪರ್ಧೆ ಇರುತ್ತದೆ. ಮನೆಯ ಬಿಯರನ್ನು ಹಣಕ್ಕೆ ಮಾರುವುದು ಅಲ್ಲಿ ಕಾನೂನುಬಾಹಿರ. ಊರ ಹಿರಿಯರ ಅಡುಗೆಮನೆಯ ವಿದ್ಯೆಯನ್ನು ಕೇಳಲು ದೂರದ ದೇಶಗಳಿಂದ ಜನ ಬರುವುದನ್ನು ಕಂಡ ಮೇಲೆ, ಅಲ್ಲಿನ ತರುಣರೂ ಅದರ ಕಡೆ ತಿರುಗಿ ನೋಡತೊಡಗಿದ್ದಾರೆ.

ಪೋಷಕರಿಗೆ ಎರಡು ಮಾತು

ಇಷ್ಟೆಲ್ಲ ಓದಿ 'ನಾವೂ ಮನೆಯಲ್ಲಿ ಮಾಡಿ ನೋಡೋಣ' ಎಂದು ಯಾವ ವಿದ್ಯಾರ್ಥಿಯೂ ಹೊರಡಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾರ್ವೆಯೂ ಈ ವಿಷಯದಲ್ಲಿ ಸಡಿಲವಾದ ದೇಶವಲ್ಲ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು, ಆದರೆ ಭಟ್ಟಿ ಇಳಿಸುವಂತಿಲ್ಲ. 18 ವರ್ಷದೊಳಗಿನವರಿಗೆ ಬಿಯರ್ ಮಾರುವಂತಿಲ್ಲ. ಶೇ 4.7ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಪಾನೀಯ ಮನೆಗೆ ಒಯ್ಯಲು 'ವಿನ್‌ಮೊನೊಪೊಲೆಟ್' ಎಂಬ ಸರ್ಕಾರಿ ಅಂಗಡಿಗಳಲ್ಲಿ ಮುಖ್ಯವಾಗಿ ಸಿಗುತ್ತದೆ. ಮದ್ಯದ ಜಾಹೀರಾತಿಗೆ 1975ರಿಂದ ನಿಷೇಧ. ಮದ್ಯಪಾನೀಯಗಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಘೋಷಿಸಿದೆ. ಆರೋಗ್ಯಕ್ಕೆ ಹಾನಿಯಿಲ್ಲದ ಕುಡಿತದ ಮಟ್ಟ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಬ್ಬಕ್ಕೊಮ್ಮೆ ಊರೆಲ್ಲ ಕೂಡಿ ಕುಡಿಯುತ್ತಿದ್ದ ಕಾಲವೂ, ಕೈಗೆಟುಕುವ ಬಾಟಲಿಯ ಕಾಲವೂ ಒಂದೇ ಅಲ್ಲ. ಸಂಪ್ರದಾಯದ ಹೆಸರಿನಲ್ಲಿ ಈ ಸತ್ಯವನ್ನು ಮರೆಯಬಾರದು.

ಆದರೆ ಬಿಯರಿನ ಮಡಕೆಯಿಂದ ಹುಟ್ಟಿದ ವಿಜ್ಞಾನಕ್ಕೆ ಬಾಗಿಲು ಹಾಕಬೇಕಿಲ್ಲ. ಆಮ್ಲ-ಪ್ರತ್ಯಾಮ್ಲ ಅಳೆಯಲು ಶಾಲೆಯಲ್ಲಿ ಕಲಿಯುವ 'ಪಿಎಚ್' ಮಾಪಕವನ್ನು 1909ರಲ್ಲಿ ರೂಪಿಸಿದ ಸೋರೆನ್ಸೆನ್ ಕೆಲಸ ಮಾಡುತ್ತಿದ್ದುದು ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಸಂಖ್ಯಾಶಾಸ್ತ್ರದ ಪ್ರಸಿದ್ಧ 'ಸ್ಟೂಡೆಂಟ್ಸ್ ಟಿ' ಪರೀಕ್ಷೆ ಕೊಟ್ಟ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿಯ ಒಪ್ಪಿಗೆ ಇರಲಿಲ್ಲವೆಂದು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಬಂಧ ಬರೆದ. ಶಕ್ತಿಯ ಅಳತೆಗೆ ಹೆಸರು ಕೊಟ್ಟ ಜೇಮ್ಸ್ ಜೂಲ್ ಬಿಯರ್ ತಯಾರಕರ ಮನೆತನದವನು.

ದೂರ ಏಕೆ, ನಮ್ಮ ಬೆಂಗಳೂರನ್ನೇ ನೋಡಿ. 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ತಂತ್ರಜ್ಞಾನ ಓದಿ ಬಂದ ಕಿರಣ್ ಮಜುಂದಾರ್ ಅವರಿಗೆ, ಇದು ಗಂಡಸರ ಕೆಲಸ ಎಂಬ ಕಾರಣಕ್ಕೆ ಇಲ್ಲಿ ಉದ್ಯೋಗ ಸಿಗಲಿಲ್ಲ. 1978ರಲ್ಲಿ ಅವರು ಆರಂಭಿಸಿದ ಬಯೋಕಾನ್ ಮೊದಲಿಗೆ ತಯಾರಿಸಿದ್ದು ಪಪ್ಪಾಯಿಯ ಹಾಲಿನಿಂದ ಸಿಗುವ 'ಪಪೇನ್' ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ಬರುವ 'ಐಸಿಂಗ್‌ಗ್ಲಾಸ್'. ಎರಡೂ ಬಿಯರನ್ನು ತಿಳಿಯಾಗಿಸಲು ಬಳಕೆಯಾಗುವಂಥವು. ಅದೇ ಸಂಸ್ಥೆ 2004ರಲ್ಲಿ ಯೀಸ್ಟಿನ ಒಂದು ಪ್ರಭೇದವನ್ನು ಬಳಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಮಧುಮೇಹಿಗಳಿಗೆ ಬದುಕು ಕೊಡುವ ಔಷಧಿಯೂ ಹುದುಗುವಿಕೆಯ ತೊಟ್ಟಿಯಿಂದಲೇ ಬರುತ್ತದೆ! ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ವಿಷಯಗಳನ್ನು ಉನ್ನತ ಮಟ್ಟದಲ್ಲಿ ಕಲಿಯುವ ಅವಕಾಶವೂ ಇದೆ. ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುವವರು ಎಂಜಿನಿಯರಿಂಗ್, ಮೆಡಿಕಲ್ ಎರಡನ್ನೇ ಜಪಿಸುವ ಬದಲು ಸೂಕ್ಷ್ಮಜೀವಿಶಾಸ್ತ್ರದತ್ತಲೂ ಒಮ್ಮೆ ಕಣ್ಣು ಹಾಯಿಸಬಹುದು.

ರಜೆಯಲ್ಲಿ ಮಾಡಲು ಒಂದು ಸರಳ ಪ್ರಯೋಗ: ಇಡ್ಲಿ ಹಿಟ್ಟನ್ನು ಒಂದೇ ಅಳತೆಯ ಮೂರು ಗಾಜಿನ ಲೋಟಗಳಲ್ಲಿ ಅರ್ಧದಷ್ಟು ಹಾಕಿ. ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಇನ್ನೊಂದನ್ನು ಬೆಚ್ಚನೆ ನೀರಿನ ಪಾತ್ರೆಯಲ್ಲಿ ಇಟ್ಟು, ಎರಡು ಗಂಟೆಗೊಮ್ಮೆ ಹಿಟ್ಟು ಎಷ್ಟು ಉಬ್ಬಿದೆಯೆಂದು ಪಟ್ಟಿಯಿಂದ ಅಳೆದು ಬರೆಯಿರಿ. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರೆ ಉಷ್ಣತೆಗೂ ಸೂಕ್ಷ್ಮಜೀವಿಗೂ ಇರುವ ಸಂಬಂಧ ತಾನೇ ಕಾಣುತ್ತದೆ. ಮಾರನೆಯ ದಿನ ಅದೇ ಹಿಟ್ಟಿನಲ್ಲಿ ಅಮ್ಮ ಇಡ್ಲಿ ಹೊಯ್ಯುವಾಗ, ಈ ವಿದ್ಯೆ ಅವರಿಗೆ ಯಾರು ಕಲಿಸಿದರು ಎಂದು ಕೇಳಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.